ಬುಲ್‌ಬುಲ್ ತರಂಗ್ ಕಲಿಯುವವರು ಬಲಗೈ ಕಡೆ ಸ್ವಲ್ಪ ನೋಡಿ

ಬುಲ್‌ಬುಲ್ ತರಂಗ್ ಅಂದ್ರೆ ಎಡಗೈಯಲ್ಲಿ ಕೀ ಒತ್ತಿ ಬಲಗೈಯಲ್ಲಿ ತಂತಿ ಮೀಟುವ ಪೆಟ್ಟಿಗೆ ವಾದ್ಯ. ಅದನ್ನು ತಗೊಂಡವರ ಗಮನ ಎಲ್ಲ ಎಡಗೈ ಮೇಲೆಯೇ ಇರ್ತದೆ. ಕೀಗಳ ಮೇಲೆ ಸ ರಿ ಗ ಮ ಬರೆದು ಅಂಟಿಸಿ, ಸ್ವಲ್ಪ ದಿನದಲ್ಲಿ ಒಂದು ಭಜನೆ ಬಂದೇ ಬರ್ತದೆ, ಆದ್ರೆ ಕೇಳ್ಲಿಕ್ಕೆ ತಗಡು ಬಡಿದ ಹಾಗೆ, ಆಮೇಲೆ ವಾದ್ಯವೇ ಸರಿ ಇಲ್ಲ ಅಂತ ಮೂಲೆಗೆ. ಉಡುಪಿ ಕಡೆ ಎಷ್ಟು ಮನೆಯ ಅಟ್ಟದಲ್ಲಿ ಹೀಗೆ ಬಿದ್ದಿರಬಹುದೋ ಎಂತ ಮಾರಾಯ್ರೆ! ಪಾಪ, ನಾದ ಹುಟ್ಟುವುದು ಬಲಗೈಯಲ್ಲಿ.

ಇದು ಜಿದರ್ ಜಾತಿಯ ವಾದ್ಯ. ವೀಣೆ, ಗಿಟಾರ್‌ಗೆ ಇರುವ ಉದ್ದ ದಂಡಿ ಇದಕ್ಕಿಲ್ಲ, ತಂತಿ ಪೂರ್ತಿ ಪೆಟ್ಟಿಗೆಯ ಮೇಲೆಯೇ ಎಳೆದಿರ್ತಾರೆ, ಸ್ವರಮಂಡಲ ಸಂತೂರ್ ಎಲ್ಲ ಇದರ ನೆಂಟರೇ. ಮೂಲ ಜಪಾನಿನ ತೈಶೋಗೊಟೊ, 1912ರಲ್ಲಿ ನಗೋಯಾದ ಗೊರೊ ಮೊರಿಟಾ ಅನ್ನುವವರು ಮಾಡಿದ್ದು, ಆ ಟೈಪ್‌ರೈಟರ್ ಥರದ ಕೀ ಬಂದದ್ದು ಅಲ್ಲಿಂದ.

ಈಗ ವಿಷಯಕ್ಕೆ ಬರುವ. ಮೀಟಿದ ತಂತಿ ಒಂದೇ ಸ್ವರ ಹೇಳುವುದಿಲ್ಲ. ಅದು ಇಡಿಯಾಗಿ ಅಲುಗ್ತದೆ, ಜೊತೆಗೇ ಎರಡು ಭಾಗವಾಗಿ, ಮೂರು ಭಾಗವಾಗಿ, ನಾಲ್ಕಾಗಿ ಸಹ ಅಲುಗ್ತದೆ, ಇವೇ ಹಾರ್ಮೋನಿಕ್‌ಗಳು. ಯಾವುದು ಎಷ್ಟು ಕೇಳ್ತದೆ ಅನ್ನುವುದು ನೀವು ಎಲ್ಲಿ ಮೀಟಿದ್ರಿ ಅನ್ನುವುದರ ಮೇಲೆ ಉಂಟು. ಸ್ವರಮಂಡಲದ ಒಂದು ತಂತಿಯನ್ನು ಸರಿ ಮಧ್ಯದಲ್ಲಿ ಮೀಟಿ ನೋಡಿ, 2, 4, 6ನೇ ಹಾರ್ಮೋನಿಕ್ ಹೆಚ್ಚುಕಮ್ಮಿ ಏಳುವುದೇ ಇಲ್ಲ, ನಾದ ಟೊಳ್ಳು. ಕುದುರೆಯ (ತುದಿಯಲ್ಲಿ ತಂತಿಯನ್ನು ಎತ್ತಿ ಹಿಡಿಯುವ ಸಣ್ಣ ಪಟ್ಟಿ) ಹತ್ತಿರ ಹೋದ ಹಾಗೆ ಮೇಲಿನ ಹಾರ್ಮೋನಿಕ್ ಜಾಸ್ತಿಯಾಗಿ ಚುರುಕಾಗ್ತದೆ, ತೀರಾ ಹತ್ತಿರ ಹೋದ್ರೆ ಕರ್ಕಶ.

ಬುಲ್‌ಬುಲ್‌ನಲ್ಲಿ ಇನ್ನೊಂದು ತಾಪತ್ರಯ ಉಂಟು, ಇದನ್ನು ಯಾರೂ ಹೇಳಿಕೊಡುವುದಿಲ್ಲ. ತಂತಿ 40 ಸೆಂ.ಮೀ. ಅಂತ ಇಟ್ಕೊಳ್ಳಿ, ಕುದುರೆಯಿಂದ 8 ಸೆಂ.ಮೀ. ದೂರದಲ್ಲಿ ಮೀಟ್ತಾ ಇದ್ದೀರಿ, ಅಂದ್ರೆ ಐದನೇ ಒಂದು ಭಾಗದಲ್ಲಿ. ಮೇಲಿನ ಸ ಒತ್ತಿದ ಕೂಡಲೇ ಅಲುಗುವ ತಂತಿ 20 ಸೆಂ.ಮೀ. ಆಯ್ತು, ಅದೇ 8 ಸೆಂ.ಮೀ. ಈಗ ಐದನೇ ಎರಡು ಭಾಗ, ಹೆಚ್ಚುಕಮ್ಮಿ ಮಧ್ಯಕ್ಕೇ ಬಂತು. ಕೈ ಅಲುಗಿಸದೆಯೇ ನಾದ ಬದಲಾಯ್ತು! ಅದೇ ಬಣ್ಣ ಬೇಕಿದ್ರೆ ಸ್ವರ ಏರಿದ ಹಾಗೆ ಬಲಗೈ ಕುದುರೆ ಕಡೆ ಸರಿಯಬೇಕು. ಒಂದೇ ಕಡೆ ಕೈ ಊರಿ ಕೂತವರಿಗೆ ಇದು ಆಗುವುದಿಲ್ಲ.

ಪಿಕ್, ಅಂದ್ರೆ ತಂತಿ ಮೀಟುವ ಸಣ್ಣ ಬಿಲ್ಲೆ, ಅದನ್ನು ಆಳ ಇಳಿಸುವುದು ಇನ್ನೊಂದು ಚಾಳಿ. ತುದಿ ಒಂದೆರಡು ಮಿಲಿಮೀಟರ್ ತಾಗಿದ್ರೆ ಧಾರಾಳ. ಆಳಕ್ಕೆ ಹೋದ್ರೆ ತಂತಿ ಸಿಕ್ಕಿಬೀಳ್ತದೆ, ಎಳೆದು ಬಿಡಿಸಬೇಕಾಗ್ತದೆ, ಎಳೆದಾಗ ಬಿಗಿ ಹೆಚ್ಚಿ ಸ್ವರ ಶುರುವಿನಲ್ಲಿ ಸ್ವಲ್ಪ ಮೇಲೆ ಹಾರಿ ಆಮೇಲೆ ಇಳಿತದೆ. ಇದಕ್ಕೇ ಶ್ರುತಿ ಇದ್ದೂ ಅಪಶ್ರುತಿ ಕೇಳುವುದು, ಪಾಪ ಟ್ಯೂನರ್ ಆ್ಯಪ್ ಎಂತ ಮಾಡ್ತದೆ.

ಬುಲ್‌ಬುಲ್ ಕಷ್ಟ ಅನ್ನುವವರು ಆಲ್ಪ್ಸ್ ಕಡೆಯ ಕಾನ್ಸರ್ಟ್ ಜಿದರ್ ನೋಡಬೇಕು. ಅಲ್ಲಿ ಬಲ ಹೆಬ್ಬೆರಳಿಗೆ ಉಂಗುರದಂಥ ಪಿಕ್ ಹಾಕಿ ಹಾಡಿನ ತಂತಿ, ಉಳಿದ ಬೆರಳುಗಳಲ್ಲಿ ಹಿಮ್ಮೇಳ, ಉಂಗುರ ಬೆರಳಿಗೆ ಮಂದ್ರದ ತಂತಿ. ಅಂಗೈ ಮೇಜಿನ ಮೇಲಿಟ್ಟು, ನಡುಬೆರಳು ಒಳಗೆ ಮಡಚಿ, ಉಂಗುರ ಬೆರಳು ಎತ್ತಿ ನೋಡಿ. ಏಳುವುದೇ ಇಲ್ಲ ಅಲ್ವಾ? ಕೈಯ ಹಿಂಭಾಗದಲ್ಲಿ ಬೆರಳುಗಳ ಸ್ನಾಯುರಜ್ಜುಗಳು ಒಂದಕ್ಕೊಂದು ಅಂಟಿಕೊಂಡಿರುವ ಕಾರಣ ಹಾಗೆ. ಅಭ್ಯಾಸದಿಂದ ಆ ಕಟ್ಟು ಬಿಚ್ಚುವುದಿಲ್ಲ, ಇದ್ದ ಜಾಗದಲ್ಲೇ ಸಣ್ಣ ಚಲನೆಯಲ್ಲಿ ಕೆಲಸ ಮುಗಿಸ್ಲಿಕ್ಕೆ ಮಿದುಳು ಕಲಿತದೆ ಅಷ್ಟೆ, ಹಾಗಾಗಿ ಬೆರಳನ್ನು ಎತ್ತಿ ಎತ್ತಿ ಹೊಡೆದು ನೋಯಿಸಿಕೊಳ್ಳಬೇಡಿ.