ಸಣಕಲು ಸಿಪಾಯಿಯ ಗೊರಕೆ: ಸ್ಲೀಪ್ ಅಪ್ನಿಯ ಪರೀಕ್ಷೆ, ಚಿಕಿತ್ಸೆ

ಭಾಲ್ಕಿ ಕಡೆಯ ನಮ್ಮ ಕಾಕಾ ಹದಿನೇಳು ವರ್ಷ ಮಿಲ್ಟ್ರಿಯಲ್ಲಿದ್ದು ಬಂದವರು. ಸಣಕಲು ಮೈ, ಇವತ್ತಿಗೂ ನಸುಕಿನಲ್ಲಿ ಎದ್ದು ಓಡುತ್ತಾರೆ. ಮಧ್ಯಾಹ್ನ ಮಾತ್ರ ಕೂತಲ್ಲೇ ತೂಕಡಿಕೆ. "ಗೊರಕಿ ಹೊಡಕೋತ ಹೊಡಕೋತ ಒಮ್ಮಿಗೇ ಸುಮ್ಮಾಗ್ತಾರ. ನಾ ಭುಜಾ ಹಿಡ್ದು ಅಲುಗಾಡ್ಸಿದ್ರ ಉಸುರು ತಿರಗ್ತದ" ಎಂದು ಕಾಕಿ ಎಷ್ಟೋ ವರ್ಷದಿಂದ ಹೇಳುತ್ತಿದ್ದರು. ಮನೆಯಲ್ಲಿ ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ, ನಾನೂ ಅಷ್ಟೇ. ಬೀದರ್‌ನಲ್ಲಿ ಸ್ಲೀಪ್ ಅಪ್ನಿಯದ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ಕಟ್ಟುವ ರೋಗದ, ಪಾಠ ಓದಲು ಕೂತಾಗ ಅವರ ಮಾತು ಎದೆಗೆ ಚುಚ್ಚಿತು. ನಾವು ಓದುವ ಮಾದರಿ ರೋಗಿ ಐವತ್ತು ದಾಟಿದ, ಮೈ ತುಂಬಿದ ಗಂಡಸು. ಸೈನಿಕ ಹಾಗಿರುವುದಿಲ್ಲ. ಅವನಲ್ಲಿ ಈ ರೋಗ ಎಲ್ಲೆಲ್ಲಿ ನಮ್ಮ ಕೈ ತಪ್ಪಿಸಿಕೊಳ್ಳುತ್ತದೆ ಎಂಬುದರ ಬೆನ್ನು ಹತ್ತಿ ಈ ಟಿಪ್ಪಣಿ ಬರೆದಿದ್ದೇನೆ.

ಮೊದಲು ಅಳತೆ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಗಾಳಿಯ ಹರಿವು ಶೇ 90ರಷ್ಟು ಇಳಿದು ಕನಿಷ್ಠ 10 ಸೆಕೆಂಡು ಹಾಗೇ ಇದ್ದರೆ ಅದು ಅಪ್ನಿಯ. ಅಷ್ಟೇ ಹೊತ್ತು ಹರಿವು ಶೇ 30ರಷ್ಟು ಇಳಿದು, ಜೊತೆಗೆ ರಕ್ತದ ಆಮ್ಲಜನಕ ಶೇ 3ರಷ್ಟು ಕುಸಿದರೆ ಅಥವಾ ಮಿದುಳು ಕ್ಷಣಕಾಲ ಎಚ್ಚೆತ್ತರೆ ಹೈಪಾಪ್ನಿಯ. ರಾತ್ರಿ ಇವೆರಡೂ ಎಷ್ಟು ಬಾರಿ ಆದವೆಂದು ಕೂಡಿಸಿ, ನಿದ್ದೆ ಮಾಡಿದ ಗಂಟೆಗಳಿಂದ ಭಾಗಿಸಿದರೆ ಸಿಗುವುದು ಎಎಚ್‌ಐ (ಅಪ್ನಿಯ-ಹೈಪಾಪ್ನಿಯ ಸೂಚ್ಯಂಕ). 5ರಿಂದ ಸೌಮ್ಯ, 15ರಿಂದ ಮಧ್ಯಮ, 30ರಿಂದ ತೀವ್ರ. "ಅಥವಾ ಮಿದುಳು ಎಚ್ಚೆತ್ತರೆ" ಎಂಬ ಮಾತಿಗೆ ಗೆರೆ ಎಳೆದಿಟ್ಟುಕೊಳ್ಳಿ.

ಮೊದಲ ಜರಡಿ ಸ್ಟಾಪ್-ಬ್ಯಾಂಗ್ ಪ್ರಶ್ನಾವಳಿ. 2008ರಲ್ಲಿ ಕೆನಡಾದಲ್ಲಿ ಶಸ್ತ್ರಚಿಕಿತ್ಸೆಗೆ ಬರುವ ರೋಗಿಗಳಿಗಾಗಿ ಮಾಡಿದ್ದು. ಎಂಟು ಪ್ರಶ್ನೆ, ಎಂಟು ಅಂಕ. 2 ಅಥವಾ ಕಡಿಮೆ ಬಂದರೆ ಅಪಾಯ ಕಡಿಮೆ ಎಂದು ಲೆಕ್ಕ. 28 ವರ್ಷದ ಸಿಪಾಯಿಯನ್ನು ಕೂರಿಸಿಕೊಂಡು ಕೇಳಿ ನೋಡಿ. ವಯಸ್ಸು 50 ಮೀರಿಲ್ಲ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 35 ದಾಟಿಲ್ಲ, ಕತ್ತಿನ ಸುತ್ತಳತೆ 40 ಸೆಂ.ಮೀ. ಮೀರಿಲ್ಲ, ಬಿಪಿ ಇಲ್ಲ. ನಾಲ್ಕು ಅಂಕ ಅಲ್ಲಿಗೇ ಹೋಯಿತು. ಗಂಡಸು ಎನ್ನುವುದಕ್ಕೆ ಒಂದು ಸಿಗುತ್ತದೆ. ಉಳಿದ ಮೂರು, ಅಂದರೆ ಗೊರಕೆ, ಹಗಲು ದಣಿವು, ಉಸಿರು ನಿಂತದ್ದನ್ನು ಯಾರಾದರೂ ಕಂಡದ್ದು, ಅವನೇ ಬಾಯಿಬಿಟ್ಟು ಹೇಳಬೇಕು. ದಣಿವನ್ನು ರಾತ್ರಿ ಪಹರೆಯ ತಲೆಗೆ ಕಟ್ಟುತ್ತಾನೆ. ಸೇನೆಯಲ್ಲಿ ಪೂರ್ತಿ ಆರೋಗ್ಯವಂತರಿಗೆ ಕೊಡುವ ಶೇಪ್-1 ದರ್ಜೆ ಕೈಬಿಟ್ಟೀತು ಎಂಬ ಅಂಜಿಕೆಯೂ ಇರುತ್ತದೆ. ಹಾಗಾಗಿ ಕಡಿಮೆ ಅಂಕವನ್ನು ನಂಬಿ ಅವನನ್ನು ಕಳಿಸಿಬಿಡಬಾರದು. ಬಾಯಿ ತೆರೆಸಿ ಟಾನ್ಸಿಲ್ ನೋಡಿ, ಪಕ್ಕದಿಂದ ನೋಡಿ ಕೆಳದವಡೆ ಹಿಂದೆ ಸರಿದಿದೆಯೇ ಗಮನಿಸಿ. ಬ್ಯಾರಕ್‌ನಲ್ಲಿ ಪಕ್ಕದ ಮಂಚದವನನ್ನು ಕೇಳಿ. ಕಾಕಿ ಕಂಡದ್ದನ್ನು ಅಲ್ಲಿ ಅವನು ಕಂಡಿರುತ್ತಾನೆ.

ಎರಡನೇ ಕಡೆ ಎಡವುವುದು ಮನೆಯಲ್ಲಿ ಮಾಡುವ ಪರೀಕ್ಷೆಯಲ್ಲಿ. ಮೂಗಿಗೆ ನಳಿಕೆ, ಎದೆಗೆ ಪಟ್ಟಿ, ಬೆರಳಿಗೆ ಆಕ್ಸಿಮೀಟರ್ ಇರುತ್ತವೆ. ಸಾಮಾನ್ಯವಾಗಿ ಮಿದುಳಿನ ವಿದ್ಯುತ್ ಅಲೆ ಅಳೆಯುವ ಇಇಜಿ ಇರುವುದಿಲ್ಲ. ಇಇಜಿ ಇಲ್ಲದಿದ್ದರೆ ಯಾವಾಗ ನಿದ್ದೆ, ಯಾವಾಗ ಎಚ್ಚರ ಎಂದು ಗೊತ್ತಾಗುವುದಿಲ್ಲ. ಆದ್ದರಿಂದ ಯಂತ್ರ ಓಡಿದ ಪೂರ್ತಿ ಹೊತ್ತಿನಿಂದ ಭಾಗಿಸುತ್ತಾರೆ. ಲೆಕ್ಕ ಹಾಕಿ: ರಾತ್ರಿ 80 ಬಾರಿ ಉಸಿರು ಕಟ್ಟಿದೆ, ಯಂತ್ರ 7 ಗಂಟೆ ಓಡಿದೆ, ನಿದ್ದೆ ಬಂದದ್ದು 5 ಗಂಟೆ. 80ನ್ನು 7ರಿಂದ ಭಾಗಿಸಿದರೆ 11.4, ಸೌಮ್ಯ. 5ರಿಂದ ಭಾಗಿಸಿದರೆ 16, ಮಧ್ಯಮ. ಸೈನಿಕರಲ್ಲಿ ನಿದ್ರಾಹೀನತೆಯೂ ಅಪ್ನಿಯವೂ ಒಟ್ಟಿಗೆ ಬರುವುದು ಹೆಚ್ಚು. ನಿದ್ದೆ ಕಡಿಮೆಯಾದಷ್ಟೂ ಈ ಅಂತರ ಹಿಗ್ಗುತ್ತದೆ.

ಗೆರೆ ಎಳೆದ ಮಾತು ಈಗ ಬೇಕು. ತೆಳ್ಳಗಿನವರಲ್ಲಿ ಎಷ್ಟೋ ಜನರಿಗೆ ಉಸಿರು ಬಿಗಿದ ತುಸು ಹೊತ್ತಿಗೇ ಎಚ್ಚರ ತಗಲುತ್ತದೆ. ಆಮ್ಲಜನಕ ಇಳಿಯುವ ಮೊದಲೇ ಉಸಿರು ತಿರುಗಿ ಬರುತ್ತದೆ. ನಿದ್ದೆಯೇನೋ ಚೂರುಚೂರು, ಆದರೆ ಬೆರಳಿನ ಆಕ್ಸಿಮೀಟರ್‌ಗೆ ಅದರ ಸುಳಿವು ಹತ್ತುವುದಿಲ್ಲ. ಮನೆ ಪರೀಕ್ಷೆಯಲ್ಲಿ ಏನೂ ಸಿಗದೆ ಲಕ್ಷಣ ಮಾತ್ರ ಹಾಗೇ ಇದ್ದರೆ ಲ್ಯಾಬಿನ ಪಾಲಿಸೋಮ್ನೋಗ್ರಫಿ, ಅಂದರೆ ಇಇಜಿಯೂ ಸೇರಿದ ಇಡೀ ರಾತ್ರಿಯ ನಿದ್ದೆ ಪರೀಕ್ಷೆ, ಆಗಲೇಬೇಕು. ಕಾಕಾ ಕೊನೆಗೆ ಕಲಬುರಗಿಗೆ ಹೋಗಿ ಒಂದು ರಾತ್ರಿ ತಲೆತುಂಬ ವಯರ್ ಅಂಟಿಸಿಕೊಂಡು ಮಲಗಿ ಬಂದರು. ಆಮೇಲೇ ರೋಗ ಗಟ್ಟಿಯಾದದ್ದು.

"ಲೇಹ್‌ನಾಗಿದ್ದಾಗ ಎಲ್ಲಾರಿಗೂ ಹಿಂಗೇ ಆಗ್ತಿತ್ತು ತಮ್ಮಾ" ಎಂದರು ಕಾಕಾ. ಅದು ಬೇರೆ ಕಥೆ. ಲಡಾಖ್‌ನ ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಆಮ್ಲಜನಕ ಸಾಲದೆ ಉಸಿರಾಟ ಜೋರಾಗುತ್ತದೆ, ಇಂಗಾಲದ ಡೈಆಕ್ಸೈಡ್ ತೀರಾ ಇಳಿಯುತ್ತದೆ, ಆಗ ಮಿದುಳು ಉಸಿರಾಡಲು ಹೇಳುವುದನ್ನೇ ನಿಲ್ಲಿಸುತ್ತದೆ. ಡೈಆಕ್ಸೈಡ್ ಮತ್ತೆ ಕೂಡಿಕೊಂಡಾಗ ಉಸಿರು ಶುರು. ಇದು ಸೆಂಟ್ರಲ್ ಅಪ್ನಿಯ. ಎದೆ, ಹೊಟ್ಟೆಯ ಪಟ್ಟಿ ನೋಡಿದರೆ ಭೇದ ತಿಳಿಯುತ್ತದೆ: ಗಂಟಲು ಮುಚ್ಚಿದ್ದರೆ ಎದೆ ಹೆಣಗಾಡುತ್ತಿರುತ್ತದೆ, ಸೆಂಟ್ರಲ್‌ನಲ್ಲಿ ಅಲುಗುವುದೇ ಇಲ್ಲ. ಅಸೆಟಜೋಲಮೈಡ್ ಎಂಬ ಔಷಧ ಕೆಲಸ ಮಾಡುವುದು ಈ ಎತ್ತರದ ಅಪ್ನಿಯದಲ್ಲಿ.

ಗಂಟಲು ಮುಚ್ಚುವ ಅಪ್ನಿಯಕ್ಕೆ ಮುಖ್ಯ ಚಿಕಿತ್ಸೆ ಸಿಪ್ಯಾಪ್, ಅಂದರೆ ಮಾಸ್ಕ್ ಮೂಲಕ ಒಂದೇ ಸಮ ಒತ್ತಡದ ಗಾಳಿ ಊದುವ ಯಂತ್ರ. ಕಾಲಿನ್ ಸಲಿವನ್ ಮತ್ತು ಸಂಗಡಿಗರು ಸಿಡ್ನಿಯಲ್ಲಿ ಐವರು ರೋಗಿಗಳ ಮೇಲೆ ಪ್ರಯೋಗಿಸಿ 1981ರಲ್ಲಿ ಪ್ರಕಟಿಸಿದರು. ಒತ್ತಡ ಸಾಮಾನ್ಯವಾಗಿ 4ರಿಂದ 20 ಸೆಂ.ಮೀ. ಎತ್ತರದ ನೀರಿನ ಒತ್ತಡದಷ್ಟು. 10 ಸೆಂ.ಮೀ. ಎಂದರೆ ವಾತಾವರಣದ ಒತ್ತಡದ ನೂರರಲ್ಲೊಂದು ಪಾಲು. ಅಷ್ಟು ಗಾಳಿಯೇ ಗಂಟಲು ಕುಸಿಯದಂತೆ ಒಳಗಿನಿಂದ ಆನಿಸಿ ಹಿಡಿಯುತ್ತದೆ.

ತೊಡಕಿರುವುದು ಬಳಸುವುದರಲ್ಲಿ. ಗಡಿ ಠಾಣೆಯಲ್ಲಿ ಕರೆಂಟ್ ಎಲ್ಲಿಂದ ಬರಬೇಕು? ಬ್ಯಾಟರಿ ಹೊರಬೇಕು, ದೂಳಿಗೆ ಫಿಲ್ಟರ್ ಕಟ್ಟುತ್ತದೆ. ಯುದ್ಧದ ಆಘಾತ ಮಾಸದವರಿಗೆ ಮುಖದ ಮೇಲೆ ಮಾಸ್ಕ್ ಕೂತರೇ ಉಸಿರುಗಟ್ಟಿದಂತಾಗುತ್ತದೆ. ಅವರಿಗೆ ಮೊದಲು ಹಗಲಿನಲ್ಲಿ, ಎಚ್ಚರವಿದ್ದಾಗ, ಹತ್ತು ನಿಮಿಷ ಹಾಕಿಸಿ ರೂಢಿ ಮಾಡಿಸಬೇಕು. ಈ ತಾಳ್ಮೆ ಯಂತ್ರದಷ್ಟೇ ಮುಖ್ಯ ಎಂದು ನನ್ನ ನಂಬಿಕೆ, ಏಕೆಂದರೆ ಬಿಡದೆ ಬಳಸಿದವರಲ್ಲಿ ಕೆಟ್ಟ ಕನಸುಗಳೂ ಕಡಿಮೆಯಾಗಿರುವುದು ಕಂಡುಬಂದಿದೆ. ಸೌಮ್ಯ, ಮಧ್ಯಮ ಹಂತದವರಿಗೆ ಕೆಳದವಡೆಯನ್ನು ಮುಂದಕ್ಕೆ ಎಳೆದಿಡುವ ಹಲ್ಲಿನ ಸಾಧನವಿದೆ. ಜೇಬಿನಲ್ಲಿ ಹಿಡಿಸುತ್ತದೆ, ಕರೆಂಟ್ ಬೇಡ. ಅಂಗಾತ ಮಲಗಿದಾಗ ಮಾತ್ರ ಉಸಿರು ಕಟ್ಟುವವರಿಗೆ ಮಗ್ಗುಲಾಗಿ ಮಲಗುವ ಅಭ್ಯಾಸ ಮಾಡಿಸಬಹುದು.

ಕಾಕಾ ಸಿಪ್ಯಾಪ್ ಹಾಕಿಕೊಂಡು ಮಲಗುತ್ತಾರೆ. ಯಂತ್ರದ ಕಾರ್ಡ್‌ನಲ್ಲಿ ದಿನದ ಗಂಟೆ ದಾಖಲಾಗುತ್ತದೆ. ರಾತ್ರಿಗೆ 4 ಗಂಟೆ, ನೂರರಲ್ಲಿ 70 ರಾತ್ರಿ ಎಂಬುದು ಸಾಮಾನ್ಯವಾಗಿ ಹಿಡಿಯುವ ಕನಿಷ್ಠ ಮಟ್ಟ. ಕರೆಂಟ್ ಹೋದ ರಾತ್ರಿ ಕಾಕಿ ಮೊದಲಿನಂತೆ ಭುಜ ಹಿಡಿದು ಅಲುಗಾಡಿಸುತ್ತಾರೆ. ಮುಂದಿನ ಸಲ ಊರಿಗೆ ಹೋದಾಗ ಇನ್‌ವರ್ಟರ್ ಕೂರಿಸಬೇಕು.