ಮಗು ‘ಬಬಬ’ ಅಂದಾಗ ನೀವೇನಂತೀರಿ?

ಮಾತು ಬೇಗ ಬರಲಿ ಅಂತ ಕೂಸಿನ ನಾಲಿಗೆಗೆ ಬಜೆ ತೇಯ್ದು ಹಚ್ಚುವುದು ನಮ್ಮಲ್ಲಿನ್ನೂ ನಿಂತಿಲ್ಲ. ಕನ್ನಡಿ ತೋರಿಸಿದರೆ ಮಾತು ತಡವಾಗುತ್ತದೆ ಅನ್ನುವವರೂ ಇದ್ದಾರೆ. ಕನ್ನಡಿಯಿಂದ ನಷ್ಟವೇನಿಲ್ಲ, ಬಿಡಿ. ಆದರೆ ಬಜೆಯಲ್ಲಿರುವ ಬೀಟಾ-ಅಸರೋನ್ ಎಂಬ ರಾಸಾಯನಿಕ ಇಲಿಗಳಲ್ಲಿ ಕ್ಯಾನ್ಸರ್ ತರುತ್ತದೆಂದು ಕಂಡುಬಂದು, ಅಮೆರಿಕ 1968ರಲ್ಲೇ ಅದನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿತು.

ಮಾತು ಕೇಳಿ ಕಲಿಯುವಂಥದ್ದು ಎಂಬ ವಾದ ಅಕ್ಬರನದೂ ಆಗಿತ್ತು. ಪರೀಕ್ಷಿಸಲು ಆತ ಕೂಸುಗಳನ್ನು ಒಂದು ಮನೆಯಲ್ಲಿರಿಸಿ, ತುಟಿ ಬಿಚ್ಚದ ದಾದಿಯರನ್ನು ನೇಮಿಸಿದ. 1582ರಲ್ಲಿ ಹೋಗಿ ನೋಡಿದರೆ ಮಕ್ಕಳ ಬಾಯಲ್ಲಿ ಒಂದು ಮಾತೂ ಇಲ್ಲ. ಆ ಮನೆಗೆ ‘ಗುಂಗ್ ಮಹಲ್’, ಅಂದರೆ ಮೂಕರ ಮನೆ, ಎಂದು ಹೆಸರಾಯಿತು. ಎಂಥ ಕ್ರೂರ ಕುತೂಹಲ!

ಹಾಗಾದರೆ ಕಿವಿಗೆ ಮಾತು ಬಿದ್ದರೆ ಸಾಕೆ? ಸಾಲದು. 2003ರಲ್ಲಿ ಸಂಶೋಧಕಿ ಪೆಟ್ರೀಷಿಯಾ ಕೂಲ್ ತಂಡ ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳಿಗೆ ಚೀನಾದ ಮ್ಯಾಂಡರಿನ್ ಕೇಳಿಸಿತು. ಎದುರಿಗೆ ಕೂತು ಆಟಿಕೆ ಹಿಡಿದು ಮಾತಾಡಿಸಿದವರಿಂದ ಶಿಶುಗಳು ಆ ಭಾಷೆಯ ಧ್ವನಿಭೇದ ಕಲಿತವು. ಅದೇ ಜನ, ಅದೇ ಮಾತು ಟಿವಿಯಲ್ಲಿ ಬಂದಾಗ ಏನೂ ಕಲಿಯಲಿಲ್ಲ.

ಅದೇ ವರ್ಷದ ಇನ್ನೊಂದು ಪ್ರಯೋಗ ನನಗೆ ಬಲು ಪ್ರಿಯ. ಮೈಕೆಲ್ ಗೋಲ್ಡ್‌ಸ್ಟೀನ್ ಮತ್ತು ಸಂಗಡಿಗರು ಎಂಟು ತಿಂಗಳ ಮಕ್ಕಳನ್ನು ಅಮ್ಮಂದಿರ ಜೊತೆ ಆಟಕ್ಕೆ ಬಿಟ್ಟರು. ಅರ್ಧದಷ್ಟು ಅಮ್ಮಂದಿರು ಮಗು ಸದ್ದು ಮಾಡಿದ ಕೂಡಲೇ ನಕ್ಕು, ಹತ್ತಿರ ಸರಿದು, ಮುಟ್ಟಬೇಕು. ಉಳಿದವರೂ ಅಷ್ಟೇ ಸಲ ನಗಬೇಕು, ಮುಟ್ಟಬೇಕು. ಆದರೆ ಮಗುವಿನ ಸದ್ದಿಗೂ ಅದಕ್ಕೂ ಸಂಬಂಧವಿಲ್ಲದ ಹೊತ್ತಿನಲ್ಲಿ. ಪ್ರೀತಿ ಎರಡೂ ಕಡೆ ಒಂದೇ ಅಳತೆ, ತಾಳ ಮಾತ್ರ ತಪ್ಪಿದೆ, ನೆಟ್‌ವರ್ಕ್ ಸರಿಯಿಲ್ಲದ ವಿಡಿಯೊ ಕಾಲ್‌ನಂತೆ. ಕೂಡಲೇ ಮಾರುತ್ತರ ಸಿಕ್ಕ ಮಕ್ಕಳ ಬರೀ ‘ಆ’, ‘ಊ’ಗಳು ಕೆಲವೇ ನಿಮಿಷಗಳಲ್ಲಿ ‘ಬಾ’, ‘ದಾ’ಗಳ ಕಡೆ ತಿರುಗಿದವು. ಇನ್ನೊಂದು ಗುಂಪಿನಲ್ಲಿ ಆ ಬದಲಾವಣೆ ಇಲ್ಲ!

ಆದ್ದರಿಂದ ದುಬಾರಿ ‘ಮಾತಾಡುವ’ ಆಟಿಕೆ ಬೇಡ. ಅದು ಮಗುವಿನ ಸರದಿಗೆ ಕಾಯುವುದಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿ ‘ಅಮ್ಮ ಎಲ್ಲಿ?’ ಅನ್ನಿ. ತಕ್ಷಣ ತೆಗೆಯಬೇಡಿ. ಮಗು ಕಾಲು ಬಡಿದು ಏನೋ ಒಂದು ಸದ್ದು ಮಾಡುತ್ತದೆ. ಸೆರಗು ಸರಿಯಬೇಕಾದದ್ದು ಆಗ. ಚಮಚ ಬೀಳಿಸಿ ‘ದ’ ಅಂದರೆ ನೀವೂ ‘ದ! ಚಮಚ ಬಿತ್ತು!’ ಅನ್ನಿ, ಮತ್ತೆ ಸುಮ್ಮನಿರಿ. ಈ ಸುಮ್ಮನಿರುವುದೇ ಅಜ್ಜ-ಅಜ್ಜಿಯರಿಗೂ ಕಷ್ಟ.

ಹತ್ತು ತಿಂಗಳಾದರೂ ‘ಬಬಬ’, ‘ದದದ’ ಬರದಿದ್ದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಕಿವಿ ಕೇಳದ ಶಿಶುಗಳೂ ಶುರುವಿನಲ್ಲಿ ‘ಆ’, ‘ಊ’ ಅನ್ನುತ್ತವೆ. ಮನೆಯವರು ಮೋಸಹೋಗುವುದು ಅಲ್ಲೇ.