ವಿಧಿಯನ್ನು ಬೈದಾಯ್ತು, ಎರಡನೇ ಚರಣಕ್ಕೆ ಏನು ಬರೆಯೋಣ?

ಟ್ಯೂನಿಗೆ ಸಾಹಿತ್ಯ ಬರೆಯುವವರಿಗೆ ‘ವಿಧಿ’ಯಷ್ಟು ಒದಗಿಬರುವ ಪದ ಇನ್ನೊಂದಿಲ್ಲ. ಎರಡೇ ಅಕ್ಷರ, ಎರಡೂ ಲಘು. ಯಾವ ಮೀಟರಿನ ಸಂದಿಯಲ್ಲೂ ಹೋಗಿ ಕೂರುತ್ತದೆ. ನಾಯಕ ಸೋತನಾ, ಪ್ರೀತಿ ಮುರಿಯಿತಾ, ಅಪ್ಪ ತೀರಿಕೊಂಡರಾ? ವಿಧಿಯನ್ನು ಬೈದರೆ ಪಲ್ಲವಿ ರೆಡಿ.

ಕಷ್ಟ ಶುರುವಾಗುವುದು ಎರಡನೇ ಚರಣದಲ್ಲಿ. ಅಷ್ಟೊತ್ತಿಗೆ ನಿರ್ದೇಶಕರು ಹೇಳಿರುತ್ತಾರೆ: “ಹಾಡು ಮುಗಿಯೋದ್ರೊಳಗೆ ಇವನು ಬದಲಾಗಿರಬೇಕು ಸಾರ್.” ಇರುವುದು ನಾಲ್ಕು ನಿಮಿಷ. ಅದರಲ್ಲಿ ಬಿಜಿಎಂಗೇ ಒಂದು ನಿಮಿಷ ಹೋಗುತ್ತದೆ.

ಹೊಸಬರು ಇಲ್ಲಿ ಸಾಮಾನ್ಯವಾಗಿ ಘೋಷಣೆ ಕೂಗುತ್ತಾರೆ. “ಇಂದಿನಿಂದ ಹೊಸ ಮನುಷ್ಯ ನಾನು” ಅನ್ನೋ ಥರದ ಸಾಲು. ಕೇಳುವವರಿಗೆ ನಂಬಿಕೆ ಬರುವುದಿಲ್ಲ. ಬದಲಾದೆ ಅಂತ ಬಾಯಲ್ಲಿ ಹೇಳುವವರನ್ನು ನಿಜ ಬದುಕಿನಲ್ಲೂ ನಾವು ನಂಬುವುದಿಲ್ಲ, ಅಲ್ವಾ?

ನಾನು ಕಲಿಯುವವರಿಗೆ ಹೇಳುವುದು ಒಂದೇ. ಪೆನ್ಸಿಲ್ ತಗೊಂಡು ಹಾಡಿನ ಕ್ರಿಯಾಪದಗಳಿಗೆಲ್ಲ ಗೆರೆ ಎಳೆಯಿರಿ. ಆಮೇಲೆ ಒಂದೊಂದನ್ನೂ ಮಾಡುತ್ತಿರುವವರು ಯಾರು ಅಂತ ನೋಡಿ. ದುಃಖದ ಹಾಡಿನಲ್ಲಿ ಕಾಲ ಓಡುತ್ತದೆ, ವಿಧಿ ನಗುತ್ತದೆ, ಕಣ್ಣೀರು ಸುರಿಯುತ್ತದೆ, ಎದೆ ಒಡೆಯುತ್ತದೆ. ‘ನಾನು’ ಎಲ್ಲೂ ಏನೂ ಮಾಡುವುದಿಲ್ಲ. ನಮ್ಮ ಭಾಷೆಯ ಒಲವೂ ಹಾಗೇ ಇದೆ. ನಮಗೆ ಸಿಟ್ಟು ಬರುತ್ತದೆ, ಬೇಜಾರಾಗುತ್ತದೆ, ಭಯವಾಗುತ್ತದೆ. ಎಲ್ಲವೂ ನಮ್ಮ ಮೇಲೆ ಬಂದು ಬೀಳುವಂಥದ್ದೇ. ಹಾಗಾಗಿ ಹಣೆಬರಹದ ಹಾಡು ತಾನಾಗಿ ಹರಿಯುತ್ತದೆ. ಬದಲಾವಣೆಯ ಹಾಡಿಗೆ ಮಾತ್ರ ಕೂತು ಕೆಲಸ ಮಾಡಬೇಕು.

ಈ ದೃಷ್ಟಿಯಿಂದ ಡಿ.ವಿ.ಜಿ.ಯವರ ಕಗ್ಗವನ್ನೇ ನೋಡಿ. ಪುಸ್ತಕ ಬಂದಿದ್ದು 1943ರಲ್ಲಿ. ಬದುಕು ಜಟಕಾಬಂಡಿ, ವಿಧಿ ಅದರ ಸಾಹೇಬ, ಕುದುರೆ ನೀನು ಅನ್ನುವ ಪದ್ಯ ಎಲ್ಲರಿಗೂ ಗೊತ್ತು. ವಿಧಿಗೆ ಶರಣಾಗು ಅನ್ನುವುದಕ್ಕೆ ಜಾಸ್ತಿ ಜನ ಬಳಸುವುದೂ ಅದನ್ನೇ. ಆದರೆ ಗೆರೆ ಎಳೆದು ನೋಡಿ. ವಿಧಿಗೆ ಸಿಕ್ಕಿರುವುದು ಹೇಳುವ ಕೆಲಸ. ಓಡುವ ಕೆಲಸ ಕುದುರೆಯದು. ಮದುವೆಗೋ ಮಸಣಕ್ಕೋ ಅನ್ನುವುದು ಅದರ ಕೈಯಲ್ಲಿಲ್ಲ, ನಿಜ. ಕುದುರೆ ಲಗಾಮು ಹರಿದುಕೊಂಡು ಹೋಯಿತು ಅಂತ ಕವಿ ಸುಳ್ಳು ಭರವಸೆಯನ್ನೂ ಕೊಡುವುದಿಲ್ಲ. ಕಾಲು ಕುಸಿದರೆ ನೆಲ ಇದೆ ಅಂತ ಮಾತ್ರ ಹೇಳಿ ನಿಲ್ಲಿಸುತ್ತಾರೆ. ನಮ್ಮ ಸಿಚುಯೇಷನ್ನಿಗೆ ಅಷ್ಟು ಸಾಲದು ಅಂತ ನಿರ್ದೇಶಕರು ಹೇಳಬಹುದು. ನನಗಂತೂ ಅಷ್ಟೇ ಸಾಕು ಅನಿಸುತ್ತದೆ.

ಯಾಕೆಂದರೆ “ಮನಸ್ಸು ಮಾಡಿದರೆ ಎಲ್ಲವೂ ಸಾಧ್ಯ” ಅನ್ನುವ ಹಾಡುಗಳ ಮೇಲೆ ನನಗೆ ಸ್ವಲ್ಪ ಅನುಮಾನ. ಮಗುವನ್ನು ಕಳೆದುಕೊಂಡ ತಾಯಿಗೆ ಆ ಹಾಡು ಏನು ಹೇಳುತ್ತದೆ? ನೀನು ಸರಿಯಾಗಿ ಮನಸ್ಸು ಮಾಡಲಿಲ್ಲ ಅಂತಲಾ? ಅಲ್ಲಿ ವಿಧಿ ಅನ್ನುವ ಮಾತೇ ದೊಡ್ಡ ಸಮಾಧಾನ. ಇದರಲ್ಲಿ ನಿನ್ನ ತಪ್ಪಿಲ್ಲ ಅನ್ನುತ್ತದೆ ಅದು. ಅಂಥ ಹಾಡಿನಲ್ಲಿ ಯಾರೂ ಬದಲಾಗಬೇಕಿಲ್ಲ. ಸುಮ್ನೆ ಅಳಲು ಬಿಡಿ.

ಬದಲಾಗಲೇಬೇಕು ಅಂದಾಗ ಸಣ್ಣ ಕೆಲಸವೊಂದನ್ನು ಹುಡುಕಿ. ಕುಡಿತಕ್ಕೆ ಬಿದ್ದು ಮನೆ ಬಿಟ್ಟ ಮಗ ಅಂದುಕೊಳ್ಳಿ. ಮೊದಲ ಚರಣದಲ್ಲಿ ಊರು ಅವನನ್ನು ಮರೆಯಲಿ, ಬಾಟಲಿ ಅವನನ್ನು ಕರೆಯಲಿ. ಎರಡನೇ ಚರಣದ ಕೊನೆಗೆ “ಬಾಗಿಲ ತಟ್ಟಲು ಕೈ ಎತ್ತಿದೆ” ಅಂತ ಒಂದೇ ಸಾಲು ಬರಲಿ. ಬಾಗಿಲು ತೆರೆಯಿತೋ ಇಲ್ಲವೋ ಹೇಳಬೇಡಿ. ತೆರೆಯುವುದು ಅವನ ಕೈಯಲ್ಲಿಲ್ಲ. ಕೈ ಎತ್ತುವುದು ಇದೆ. ಇಡೀ ಹಾಡಿನಲ್ಲಿ ಅವನು ತಾನಾಗಿ ಮಾಡಿದ ಮೊದಲ ಕೆಲಸ ಅದು.

ಇನ್ನು ಪಲ್ಲವಿ. ಅದು ತಿರುಗಿ ತಿರುಗಿ ಬರುತ್ತದೆ, ನಾಯಕ ಎಷ್ಟೇ ಬದಲಾದರೂ ಕೊನೆಗೆ ಅದೇ ಸಾಲಿಗೆ ಬಂದು ನಿಲ್ಲಲೇಬೇಕು. ಹಾಗಾಗಿ ಎರಡು ಕಡೆಗೂ ವಾಲುವ ಸಾಲು ಬೇಕು. ಉದಾಹರಣೆಗೆ, “ಬರೆದವನು ಬರೆದ, ನಡೆವವನು ನಾನು” ಅಂತಿಟ್ಟುಕೊಳ್ಳಿ. ಮೊದಲ ಸಲ ಇದು ದೂರು: ಯಾರೋ ಬರೆದಿಟ್ಟ, ಅನುಭವಿಸುವವನು ನಾನು. ಬಾಗಿಲ ಮುಂದೆ ಕೈ ಎತ್ತಿದ ಮೇಲೆ ಇದೇ ಸಾಲು ಹಕ್ಕಿನ ಮಾತಾಗುತ್ತದೆ: ಬರೆದುಕೊಳ್ಳಲಿ, ನಡೆಯುವವನು ನಾನು ತಾನೇ! ಒಂದಕ್ಷರವೂ ಬದಲಾಗಿಲ್ಲ.

ಒಂದು ಎಚ್ಚರ ಮಾತ್ರ ಬೇಕು. ಈಗ ಸ್ಟುಡಿಯೋಗಳಲ್ಲಿ ಪಲ್ಲವಿಯನ್ನು ಒಮ್ಮೆ ಹಾಡಿಸಿ, ಉಳಿದ ಕಡೆಗೆ ಕಾಪಿ ಪೇಸ್ಟ್ ಮಾಡುವುದು ಮಾಮೂಲು. ಹಾಗೆ ಮಾಡಿದರೆ ಕೊನೆಯಲ್ಲೂ ಮೊದಲಿನ ಅಳುವೇ ಕೇಳುತ್ತದೆ. ಕೊನೆಯ ಪಲ್ಲವಿಯನ್ನು ಬೇರೆಯಾಗಿ ಹಾಡಿಸಿ ಅಂತ ಕೇಳಿ. ಒತ್ತು ‘ಬರೆದ’ ಮೇಲಿಂದ ‘ನಾನು’ ಮೇಲೆ ಬರಲಿ ಅಂತ ಗಾಯಕರಿಗೂ ಹೇಳಿ. ಟೈಮಿಲ್ಲ ಅಂತ ಸಂಗೀತ ನಿರ್ದೇಶಕರು ಗೊಣಗುತ್ತಾರೆ. ಗೊಣಗಲಿ, ಬಿಡಬೇಡಿ.